ಸಮುದ್ರ ಬಲಕ್ಕಿರುವ ಅರ್ಧ ದಾರಿ

ಅಬುಧಾಬಿ
೧೪ ಅಕ್ಟೋಬರ್ ೨೦೧೭, ಶನಿವಾರ

ಪ್ರೀತಿಯ ಅಝೀಝಾ,

ಸಲಾಂ. ನಾನು ಚಂದ್ರಮತಿ. ಹಮ್ದಾನ್ ಸ್ಟ್ರೀಟಿನ ಹಿಂದಿನ ಕಟ್ಟಡ, ಐದನೇ ಮಾಳಿಗೆ, ನಿನ್ನ ಮನೆಯ ಎದುರು ಬಾಗಿಲು. ನೀನು ಮರೆತಿರಲಿಕ್ಕಿಲ್ಲ. ಆದರೂ ಐದು ವರ್ಷ ಮಾತು ಬಿಟ್ಟವಳು ಹೆಸರು ಹೇಳಿಕೊಂಡೇ ಒಳಗೆ ಬರಬೇಕು ಅನ್ನಿಸಿತು.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸುತ್ತಿ ಬಳಸಿ ನಿನ್ನ ತಾಳ್ಮೆ ಕೆಡಿಸುವುದು ನನ್ನ ಚಾಳಿ, ನಿನಗೆ ಗೊತ್ತುಂಟು. ನಮ್ಮ ರಸ್ತೆಗೆ ಹೋಗಿ ಬಂದೆ. ಹೌದು, ಅದೇ, ಕ್ಯಾಲೆಂಡರಿನ ರಸ್ತೆ. ಇಟಲಿಯ ಅಮಾಲ್ಫಿ ಕರಾವಳಿ. ಕಾರು ನಾನೇ ಓಡಿಸಿದೆ. ಆದರೆ ಅರ್ಧ ಮಾತ್ರ, ನನ್ನ ಪಾಲಿನ ಅರ್ಧ. ನಿನ್ನ ಅರ್ಧ ಹಾಗೆಯೇ ಬಿಟ್ಟು ಬಂದಿದ್ದೇನೆ. ಅದನ್ನು ಹೇಳಲಿಕ್ಕೆ ಈ ಕಾಗದ. ಇನ್ನೊಂದೂ ಉಂಟು. ಆ ದಿನ ನಮ್ಮ ಬಾಗಿಲಲ್ಲಿ ನಿಂತು ನೀನು ಒಂದು ಪ್ರಶ್ನೆ ಕೇಳಿದ್ದೆ, ನಾನು ಸುಳ್ಳು ಉತ್ತರ ಕೊಟ್ಟಿದ್ದೆ. ನಿಜವಾದ ಉತ್ತರವನ್ನೂ ಇದರಲ್ಲೇ ಬರೆಯಬೇಕು. ಅದು ಕಷ್ಟದ್ದು, ಸ್ವಲ್ಪ ಆಮೇಲೆ ಬರೆಯುತ್ತೇನೆ.

ಆ ಕ್ಯಾಲೆಂಡರ್ ನೆನಪಿದೆಯಾ? ೨೦೧೦ನೇ ಇಸವಿಯದ್ದು, ಕೆಳಗಿನ ಟ್ರಾವೆಲ್ ಏಜೆನ್ಸಿಯವರು ಕೊಟ್ಟದ್ದು. ತಿಂಗಳಿಗೊಂದು ಊರಿನ ಚಿತ್ರ. ನಿನ್ನ ಅಡುಗೆಮನೆಯಲ್ಲಿ ಅದು ಸೆಪ್ಟೆಂಬರಿಗೆ ಬಂದು ನಿಂತೇಬಿಟ್ಟಿತು. "ಹಾಳೆ ತಿರುಗಿಸು ಮಾರಾಯ್ತಿ, ನವೆಂಬರ್ ಬಂತು" ಎಂದರೆ, "ಇರ್ಲಿ ಚಂದ್ರಕ್ಕಾ, ತಾರೀಕು ಮೊಬೈಲಿನಲ್ಲಿ ಉಂಟಲ್ಲ" ಎನ್ನುತ್ತಿದ್ದೆ. ಬೆಟ್ಟದ ಪಕ್ಕೆಯನ್ನು ಕಡಿದು ಮಾಡಿದ ರಸ್ತೆ, ಕೆಳಗೆ ಕಣ್ಣು ಕುಕ್ಕುವ ನೀಲಿ ನೀರು, ದೂರದಲ್ಲಿ ಒಂದರ ತಲೆಯ ಮೇಲೊಂದು ಕೂತ ಮನೆಗಳು, ರಸ್ತೆಯಲ್ಲಿ ಒಂದೇ ಒಂದು ಕೆಂಪು ಕಾರು. ನಾನು ನೋಡಿದ ಕೂಡಲೇ, "ಇದು ನಮ್ಮ ಮರವಂತೆಯೇ, ಸ್ವಲ್ಪ ಎತ್ತಿ ನಿಲ್ಲಿಸಿದ್ದಾರೆ ಅಷ್ಟೆ" ಎಂದಿದ್ದೆ. ನೀನು ಒಗ್ಗರಣೆ ಸೌಟು ಹಿಡಿದುಕೊಂಡೇ ಹೇಳಿದೆ, "ಮರವಂತೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದು. ಇಲ್ಲಿ ನಾನೇ ಓಡಿಸಿಕೊಂಡು ಹೋಗ್ತೇನೆ."

ಎರಡು ತಿಂಗಳಲ್ಲಿ ಇಬ್ಬರೂ ಡ್ರೈವಿಂಗ್ ಸ್ಕೂಲಿಗೆ ಸೇರಿಯಾಗಿತ್ತು. ನಿನಗೆ ಮೂವತ್ತೊಂದು, ನನಗೆ ನಲವತ್ತು. ನಿನ್ನ ಮನೆಮಾತು ನವಾಯತಿ, ನನ್ನದು ತುಳು, ನಮ್ಮಿಬ್ಬರಿಗೂ ಸೇರಿದ್ದು ಶಾಲೆಯಲ್ಲಿ ಕಲಿತ ಕನ್ನಡ ಒಂದೇ. ಆ ಕನ್ನಡದಲ್ಲಿ ಗೇರು, ಕ್ಲಚ್ಚು, ಮಿರರು ಎಲ್ಲ ಸೇರಿಕೊಂಡವು. ಬೆಳಿಗ್ಗೆ ಮಕ್ಕಳನ್ನು ಶಾಲೆಯ ಬಸ್ಸು ಹತ್ತಿಸಿ, ನಾವು ಸ್ಕೂಲಿನ ವ್ಯಾನು ಹತ್ತಿ ಮುಸಫ್ಫಾಕ್ಕೆ ಹೋಗುತ್ತಿದ್ದೆವು. ಇವರು ಕೆಲಸ ಮಾಡುವ ಫ್ಯಾಬ್ರಿಕೇಶನ್ ಕಂಪೆನಿಯ ಗೇಟು ದಾರಿಯಲ್ಲೇ ಸಿಗುತ್ತಿತ್ತು. ನೀನು ಪ್ರತಿ ಸಲ ಕೈ ಬೀಸಿ, "ಶೀನಪ್ಪಣ್ಣಾ, ನಾವು ನಿಮಗಿಂತ ಮೊದಲು ಹೊರಟೆವು" ಎನ್ನುತ್ತಿದ್ದೆ. ಅವರು ಐದೂವರೆಗೇ ಕಂಪೆನಿ ಬಸ್ಸು ಹತ್ತಿ ಹೋಗಿರುತ್ತಿದ್ದರು ಪಾಪ, ಒಳಗೆ ಸ್ಟೋರಿನಲ್ಲಿ ಬೋಲ್ಟು ನಟ್ಟು ಎಣಿಸುತ್ತಾ ಇರುತ್ತಿದ್ದರು.

ಕಲಿಸುವ ಟೀಚರಮ್ಮ ಜೋರ್ಡಾನಿನವರು. ನಿನಗೆ ಇಡೀ ದಿನ "ಶ್ವೈ ಶ್ವೈ", ನಿಧಾನ ಮಾಡು ಎಂದು. ನನಗೆ ಇಡೀ ದಿನ "ಯಲ್ಲಾ ಯಲ್ಲಾ", ಹೋಗು ಎಂದು. ರೌಂಡಬೌಟ್ ಬಂದರೆ ನನ್ನ ಕಥೆ ಮುಗಿಯುತ್ತಿತ್ತು. ಎಡದಿಂದ ಬರುವವರಿಗೆ ದಾರಿ ಬಿಡಬೇಕು ಎಂದರೆ, ಅಬುಧಾಬಿಯ ಅಷ್ಟೂ ಕಾರು ಹೋಗಿ ಮುಗಿಯಲಿ ಎಂದು ನಿಲ್ಲುವವಳು ನಾನು. ನೀನು ಸಣ್ಣ ಸಂದು ಸಿಕ್ಕಿದರೆ ನುಗ್ಗುವವಳು. ನಮ್ಮಿಬ್ಬರನ್ನೂ ಕಲಸಿ ಎರಡು ಮಾಡಿದ್ದರೆ ಇಬ್ಬರು ಒಳ್ಳೆಯ ಡ್ರೈವರುಗಳು ಆಗುತ್ತಿದ್ದರು ಎಂದು ನೀನೇ ಹೇಳಿದ್ದು.

ನಮ್ಮ ಒಪ್ಪಂದ ಆದದ್ದು ಸಮುದ್ರದಂಡೆಯ ಕಾರ್ನಿಶ್‌ನಲ್ಲಿ, ಒಂದು ಶುಕ್ರವಾರ ಸಂಜೆ. ನಿನ್ನ ಫರಾಝ್ ಮತ್ತು ನಮ್ಮ ಅಶ್ಮಿತಾ ಸೈಕಲಿಗೆ ಜಗಳ ಮಾಡುತ್ತಿದ್ದರು. ನೀನು ಸೂಪರ್ ಮಾರ್ಕೆಟಿನ ಬಿಲ್ಲಿನ ಹಿಂದೆ ಪೆನ್ನಿನಿಂದ ರಸ್ತೆ ಬರೆದೆ. ಈ ತುದಿಯಲ್ಲಿ ಸೊರೆಂಟೊ, ಆ ತುದಿಯಲ್ಲಿ ಅಮಾಲ್ಫಿ, ಇನ್ನೂ ಆಚೆ ಸಲೆರ್ನೊ. "ನೋಡಿ ಚಂದ್ರಕ್ಕಾ, ಹೋಗುವಾಗ ಸಮುದ್ರ ಬಲಕ್ಕೆ. ಅಲ್ಲಿಯೂ ಇಲ್ಲಿಯ ಹಾಗೆ ಬಲಗಡೆಯೇ ಓಡಿಸುವುದು. ಅಂದ್ರೆ ನಾವು ಅಂಚಿಗೇ, ಕೆಳಗೆ ನೋಡಿದ್ರೆ ನೀರು. ಅದು ನಿಮ್ಮಿಂದ ಆಗ್ಲಿಕ್ಕಿಲ್ಲ. ಹೋಗುವುದು ನಾನು. ಬರುವಾಗ ನಮ್ಮ ಲೇನು ಬೆಟ್ಟದ ಗೋಡೆಗೆ ತಾಗಿ ಇರ್ತದೆ. ಬರುವುದು ನೀವು." ನಾನು ಒಪ್ಪಿದೆ. ಖರ್ಚು ಎಷ್ಟು, ವೀಸಾ ಹೇಗೆ, ನಿನ್ನ ಬಾಸಿತ್ ಭಾಯ್, ನಮ್ಮ ಇವರು, ಇಬ್ಬರು ಗಂಡಂದಿರೂ ಬಿಡುತ್ತಾರಾ, ಯಾವುದನ್ನೂ ಮಾತಾಡಲಿಲ್ಲ. ಹೋಗುವುದು ಯಾರು ಬರುವುದು ಯಾರು ಎಂಬುದು ಮಾತ್ರ ತೀರ್ಮಾನ ಆಯಿತು.

ಆದ್ದರಿಂದ ಈ ಸಲ ಈದ್ ರಜೆಯಲ್ಲಿ ಹೋಗುವುದೆಂದು ಆದಾಗ ನಾನು ಹಟ ಹಿಡಿದೆ, ಸಲೆರ್ನೊದಿಂದಲೇ ಹೊರಡಬೇಕು, ಸೊರೆಂಟೊದಲ್ಲಿ ಕಾರು ಬಿಡಬೇಕು ಎಂದು. ಅಶ್ಮಿತಾ ಈಗ ದುಬೈಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಟಿಕೆಟ್ಟು, ಹೋಟೆಲು ಎಲ್ಲ ಅವಳದ್ದೇ ಕಾರುಬಾರು. "ಅಮ್ಮಾ, ಎವ್ರಿಬಡಿ ಸ್ಟಾರ್ಟ್ಸ್ ಫ್ರಮ್ ಸೊರೆಂಟೊ! ವೈ ಆರ್ ವೀ ಡೂಯಿಂಗ್ ಇಟ್ ಉಲ್ಟಾ?" ಎಂದು ತಲೆ ಚಚ್ಚಿಕೊಂಡಳು. ಉಲ್ಟಾ ಅಲ್ಲ ಮಗಾ, ಇದು ಬರುವ ದಾರಿ ಎಂದೆ. ಹೋಗದೆ ಬರುವುದು ಹೇಗೆ ಎಂದು ಇವರು ಕೇಳಿದರು.

ರೋಮಿನವರೆಗೆ ವಿಮಾನ, ಅಲ್ಲಿಂದ ರೈಲಿನಲ್ಲಿ ಸಲೆರ್ನೊ. ಅಲ್ಲೊಂದು ಬಿಳಿಯ ಪುಟ್ಟ ಕಾರು. ಇವರು ಪಕ್ಕದಲ್ಲಿ, ಅಶ್ಮಿತಾ ಹಿಂದೆ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸುವ ಮನುಷ್ಯ ಕಿಟಕಿಯ ಮೇಲಿನ ಹಿಡಿ ಹಿಡಿದವರು ಸೊರೆಂಟೊ ಬರುವ ತನಕ ಬಿಡಲಿಲ್ಲ. ಮೊದಲ ಊರು ವಿಯೆತ್ರಿ. ಗೋಡೆ, ಮೆಟ್ಟಿಲು, ಅಂಗಡಿಯ ಬೋರ್ಡು ಎಲ್ಲದರ ಮೇಲೂ ಬಣ್ಣದ ಹೆಂಚಿನ ಬಿಲ್ಲೆ. ಆಮೇಲೆ ಚೆತಾರಾ. ಪುಟ್ಟ ಕೊಲ್ಲಿ, ಹಳೆಯ ಕಾವಲು ಗೋಪುರ, ಮೀನಿನ ದೋಣಿಗಳು. ನಮ್ಮ ಮಣಂಗಿನ ಹಾಗಿನ ಚಿಕ್ಕ ಮೀನನ್ನು ಉಪ್ಪು ಹಾಕಿ ಮರದ ಪೀಪಾಯಿಯಲ್ಲಿ ಇಡುತ್ತಾರಂತೆ. ಆ ವಾಸನೆಗೆ ಇವರ ಮುಖ ಅರಳಿತು. "ಇವರೂ ನಮ್ಮವರೇ" ಎಂದರು. ಅಲ್ ಮೀನಾದ ಮೀನು ಮಾರ್ಕೆಟಿನಲ್ಲಿ ಅಂಜಲ್ ಹಿಡಿದು ಕಿವಿರು ಬಿಡಿಸಿ ನೋಡಿ, "ಇದು ನಿನ್ನೆಯದ್ದು, ಬೇಡ" ಎಂದು ನೀನು ಮುಖ ತಿರುಗಿಸುತ್ತಿದ್ದದ್ದು ನೆನಪಾಯಿತು. ಆ ಮೀನಿನವರು ನೀನು ಬರುವುದು ಕಂಡರೆ ಐಸಿನ ಅಡಿಯಿಂದ ಒಳ್ಳೆಯದು ತೆಗೆಯುತ್ತಿದ್ದರು.

ಆ ರಸ್ತೆಯ ತಿರುವುಗಳನ್ನು ಏನು ಹೇಳಲಿ? ಒಂದು ಮುಗಿಯಿತು ಎಂದು ಉಸಿರು ಬಿಡುವಾಗ ಇನ್ನೊಂದು. ಒಂದು ಕಡೆ ನೀಲಿ ಬಸ್ಸು ಮೂತಿಗೆ ಮೂತಿ ತಾಗಿಸುವ ಹಾಗೆ ಬಂದು ನಿಂತಿತು. ನಾನೇ ಹಿಂದೆ ಹೋಗಬೇಕು. ಇವರು ಇಳಿದು, ಊರಿನ ಲಾರಿಯ ಕ್ಲೀನರಿನ ಹಾಗೆ, "ಬರ್ಲಿ, ಬರ್ಲಿ, ರೈಟ್, ಸ್ವಲ್ಪ ಕಟ್ ಹೊಡಿ, ಬರ್ಲಿ" ಎಂದು ಬೊಬ್ಬೆ ಹಾಕಿದರು. ಬಸ್ಸಿನ ಡ್ರೈವರ್ ಅದನ್ನು ನೋಡಿ ಚಪ್ಪಾಳೆ ತಟ್ಟಿದ. ಅಝೀಝಾ, ನಾನು ಹೆದರಲಿಲ್ಲ. ನನಗೇ ಆಶ್ಚರ್ಯ. ಗೋಡೆಯ ಕಡೆಯ ಲೇನು ನನ್ನದು, ಅದನ್ನು ನೀನೇ ನನಗೆಂದು ಆರಿಸಿ ಕೊಟ್ಟಿದ್ದೆ. ಅದು ತಲೆಯಲ್ಲಿ ಇದ್ದುದರಿಂದಲೋ ಏನೋ ಒಂದೇ ಸಲಕ್ಕೆ ಹಿಂದೆ ತೆಗೆದೆ.

ಆದರೆ ಬೇರೆ ಒಂದು ತೊಂದರೆ ಆಯಿತು. ಎದುರಿನಿಂದ ಬರುವ ಪ್ರತಿ ಕಾರೂ ಸಮುದ್ರದ ಅಂಚಿನಲ್ಲಿ ಬರುತ್ತಿತ್ತು, ಅಂದರೆ ನಿನ್ನ ಅರ್ಧದಲ್ಲಿ. ಹೆಂಗಸು ಓಡಿಸುತ್ತಿದ್ದರೆ ನನ್ನ ಕಣ್ಣು ಅತ್ತಲೇ ಹೋಗುತ್ತಿತ್ತು. ಪ್ರಾಯಾನೊ ಎಂಬ ಊರಿನ ಹತ್ತಿರ ತಲೆಗೆ ಸ್ಕಾರ್ಫ್ ಕಟ್ಟಿ ಕರಿ ಕನ್ನಡಕ ಹಾಕಿದ ಒಬ್ಬಳು, ತಿರುವಿನಲ್ಲಿ ಸ್ವಲ್ಪವೂ ನಿಧಾನ ಮಾಡದೆ, ನಗುತ್ತಾ ಬಂದಳು. ಪಕ್ಕದಲ್ಲಿ ಇನ್ನೊಬ್ಬಳು ಸ್ನೇಹಿತೆ. ನಾನು ಕೈ ಎತ್ತಿಬಿಟ್ಟೆ. ಅವಳೂ ಕೈ ಎತ್ತಿ ಹಾರ್ನ್ ಹೊಡೆದು ಹೋದಳು. "ಯಾರದು? ನಿನ್ನ ಗುರ್ತದವರಾ?" ಎಂದು ಇವರು ಕೇಳಿದರು. ಪಕ್ಕದ ಸೀಟಿನಲ್ಲಿ ಗಂಡ ಕೂತಿದ್ದಾಗಲೇ, ಆ ಸೀಟು ಖಾಲಿ ಇದೆ ಎನ್ನಿಸುವುದು ಎಂಥ ಪಾಪ! ಆದರೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಅದಕ್ಕಿಂತ ಮೊದಲು ಅಮಾಲ್ಫಿಯಲ್ಲಿ ಇಳಿದಿದ್ದೆವು. ದೊಡ್ಡ ಇಗರ್ಜಿ, ಎತ್ತರದ ಮೆಟ್ಟಿಲು. ಅದರ ಒಳ ಅಂಗಳದಲ್ಲಿ ಬಿಳಿಯ ಜೋಡಿ ಕಂಬಗಳು, ಮೇಲೆ ಒಂದರೊಳಗೊಂದು ಹೆಣೆದುಕೊಂಡ ಚೂಪು ಕಮಾನುಗಳು. ಗೈಡ್ ಹುಡುಗಿ ಹೇಳಿದಳು, ಈ ಕಮಾನಿನ ಮಾದರಿ ಅರಬರದ್ದು, ಇಲ್ಲಿನ ಹಡಗುಗಳು ಸಾವಿರ ವರ್ಷದ ಹಿಂದೆ ಅರಬ್ ಬಂದರುಗಳಿಗೆ ವ್ಯಾಪಾರಕ್ಕೆ ಹೋಗುತ್ತಿದ್ದವು ಎಂದು. ನಿನ್ನ ಹಿರಿಯರು ಹಾಯಿಹಡಗಿನಲ್ಲಿ ಭಟ್ಕಳಕ್ಕೆ ಬಂದು ನೆಲೆನಿಂತ ಕಥೆಯನ್ನು ಅಕ್ಕಿ ಆರಿಸುತ್ತಾ ಎಷ್ಟು ಸಲ ಹೇಳಿದ್ದೆ ನೀನು! ನೀನು ಜೊತೆಗಿದ್ದಿದ್ದರೆ ಆ ಹುಡುಗಿಯನ್ನು ನಿಲ್ಲಿಸಿ, ಅವಳಿಗೇ ಪಾಠ ಮಾಡುತ್ತಿದ್ದೆ. ಕಾಗದ ಮಾಡುವ ಕಸುಬೂ ಆ ಊರಿಗೆ ಅರಬರಿಂದಲೇ ಬಂದದ್ದಂತೆ. ಬಟ್ಟೆಯ ಚೂರುಗಳನ್ನು ಜಜ್ಜಿ ಕೈಯಲ್ಲೇ ಮಾಡುತ್ತಾರೆ. ಹನ್ನೆರಡು ಹಾಳೆ ತಂದೆ. ಇದು ಅದೇ. ಶಾಯಿ ಸ್ವಲ್ಪ ಹರಡುತ್ತದೆ, ಅಕ್ಷರ ದಪ್ಪ ಕಂಡರೆ ನನ್ನ ಕೈ ಅಂದುಕೊಳ್ಳಬೇಡ.

ಪೊಸಿಟಾನೊದ ಹತ್ತಿರ ಒಂದು ತಿರುವಿನಲ್ಲಿ ಕಾರು ನಿಲ್ಲಿಸಲು ಜಾಗ ಇತ್ತು. ಇಳಿದು ನೋಡಿದರೆ, ಅದೇ ಜಾಗ. ಒಂದರ ಮೇಲೊಂದು ಮನೆ, ಕೆಳಗೆ ನೀಲಿ. ಚೀಲದಿಂದ ಚಿತ್ರ ತೆಗೆದು ಹಿಡಿದೆ. ಹೌದು, ಕ್ಯಾಲೆಂಡರಿನ ಚಿತ್ರ ನನ್ನ ಹತ್ತಿರ ಉಂಟು. ವರ್ಷ ಮುಗಿದಾಗ ನೀನು ತಾರೀಕುಗಳನ್ನು ಕತ್ತರಿಸಿ ಚಿತ್ರವನ್ನು ಕಪಾಟಿನ ಬಾಗಿಲಿಗೆ ಅಂಟಿಸಿದ್ದೆಯಲ್ಲ, ನೀವು ಹೋದ ಮೇಲೆ ಕಟ್ಟಡದ ವಾಚ್‌ಮನ್‌ನನ್ನು ಗೋಗರೆದು ಬೀಗ ತೆಗೆಸಿ, ನಿನ್ನ ಖಾಲಿ ಅಡುಗೆಮನೆಯಲ್ಲಿ ನಿಂತು ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಬಿಡಿಸಿದ್ದು. ಒಂದು ಮೂಲೆ ಹರಿದಿದೆ. ಆ ತಿರುವಿನಲ್ಲಿ ನಿಂತು ನೋಡಿದಾಗ ಒಂದು ವಿಷಯ ಕಂಡಿತು. ಚಿತ್ರದ ಕೆಂಪು ಕಾರು ಸಮುದ್ರದ ಅಂಚಿನ ಲೇನಿನಲ್ಲಿ ಹೋಗುತ್ತಿತ್ತು. ಅಷ್ಟು ವರ್ಷ ನಾವಿಬ್ಬರೂ ನೋಡಿದ್ದು ನಿನ್ನ ಅರ್ಧವನ್ನೇ.

ಅಲ್ಲಿ ಕಟ್ಟೆಯ ಮೇಲೆ ಕೂತು ಅತ್ತೆ. ಅಶ್ಮಿತಾ ಹೆದರಿ ನೀರು ಕೊಟ್ಟಳು. ಅಲ್ಲಿಯೇ ನಿಶ್ಚಯ ಮಾಡಿದೆ, ನಿನಗೆ ಬರೆಯಬೇಕು, ಎಲ್ಲವನ್ನೂ ಬರೆಯಬೇಕು ಎಂದು. ಈಗ ಬರೆಯುತ್ತೇನೆ. ಇನ್ನು ತಪ್ಪಿಸಿಕೊಳ್ಳಲಿಕ್ಕೆ ಬೇರೆ ಊರು ಉಳಿದಿಲ್ಲ.

೨೦೧೨ರ ಫೆಬ್ರವರಿ. ಒಂದೇ ಕಾರಿನಲ್ಲಿ ನಾಲ್ಕು ಹೆಂಗಸರು, ಮುಂದೆ ಟೆಸ್ಟ್ ಮಾಡುವ ಪೊಲೀಸ್ ಮೇಡಂ. ನೀನು ಮೊದಲು, ನಾನು ಮೂರನೆಯವಳು. ನಾನು ರೌಂಡಬೌಟಿನಲ್ಲಿ ನಿಂತೆ. ನಿಂತೇ ಇದ್ದೆ. ಹಿಂದಿನವರು ಹಾರ್ನ್ ಹೊಡೆದರು. "ಖಲಾಸ್, ಸೈಡ್" ಎಂದರು ಮೇಡಂ. ಅದು ನನ್ನ ಆರನೇ ಫೇಲು. ನಿನ್ನದು ಮೂರನೇ ಸಲಕ್ಕೆ ಪಾಸು. ವ್ಯಾನಿನಲ್ಲಿ ನೀನು ನನ್ನ ಕೈ ಹಿಡಿದುಕೊಂಡಿದ್ದೆ, ನಗಲೂ ಇಲ್ಲ, ನನಗೆ ನೋವಾದೀತು ಎಂದು. ಆಮೇಲೆ ಮೆಲ್ಲ ಹೇಳಿದೆ, "ಚಂದ್ರಕ್ಕಾ, ಮನೆಯಲ್ಲಿ ನಾನೂ ಫೇಲ್ ಅಂತ ಹೇಳ್ತೇನೆ. ಬಾಸಿತ್‌ದು ಬರುವ ಬುಧವಾರ ಉಂಟು, ಎಂಟನೇ ಸಲ. ನಾನು ಮೊದಲು ಪಾಸಾದದ್ದು ಗೊತ್ತಾದ್ರೆ ಅವರಿಗೆ ಸ್ಟೇರಿಂಗ್ ಹಿಡಿಯುವಾಗ ಕೈ ಬರ್ಲಿಕ್ಕಿಲ್ಲ. ಅವರದ್ದೂ ಆಗ್ಲಿ, ಮತ್ತೆ ಒಟ್ಟಿಗೇ ಸಿಹಿ ಹಂಚುವ. ಅಲ್ಲಿ ತನಕ ಯಾರಿಗೂ ಹೇಳ್ಬೇಡಿ." ಲಿಫ್ಟಿನಲ್ಲಿ ಇನ್ನೊಮ್ಮೆ ಹೇಳಿದೆ. ನಾನು ನಿನ್ನ ತಲೆ ಮುಟ್ಟಿ ಆಗಲಿ ಎಂದೆ.

ಮರುದಿನ ನಾನು ಕೊಬ್ಬರಿ ಮಿಠಾಯಿ ಮಾಡಿದೆ. ನನ್ನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಯಲ್ಲಿ ತುಂಬಿದೆ. ಹಮ್ದಾನ್ ಸ್ಟ್ರೀಟಿನಲ್ಲಿ ಬಾಸಿತ್ ಭಾಯಿಯ ರೆಡಿಮೇಡ್ ಅಂಗಡಿಗೆ ನಡೆದುಕೊಂಡು ಹೋದೆ. ಕೌಂಟರಿನಲ್ಲಿ ಅವರು, ಅವರ ತಮ್ಮ ಝಾಹಿದ್, ಇಬ್ಬರು ಸೇಲ್ಸಿನವರು, ಐದಾರು ಗಿರಾಕಿಗಳು. ಡಬ್ಬಿಯ ಮುಚ್ಚಳ ತೆಗೆದು, "ಬಾಸಿತ್ ಭಾಯ್, ಬಾಯಿ ಸಿಹಿ ಮಾಡಿ, ನಮ್ಮ ಅಝೀಝಾ ಪಾಸು!" ಎಂದು ದೊಡ್ಡ ಸ್ವರದಲ್ಲಿ ಹೇಳಿದೆ. ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡರು. "ಯಾವಾಗ?" ಎಂದರು. ನಿನ್ನೆ ಎಂದೆ. "ಹೌದಾ? ಮಾಶಾಲ್ಲಾ" ಎಂದರು. ಝಾಹಿದ್ ಏನೂ ಅರಿಯದೆ, "ಇನ್ನು ಭಾಭಿ ಡ್ರೈವರ್, ಭಾಯ್ ಪ್ಯಾಸೆಂಜರ್" ಎಂದ. ಎಲ್ಲರೂ ನಕ್ಕರು. ಬಾಸಿತ್ ಭಾಯ್ ಕೂಡ ನಕ್ಕರು. ಆ ನಗು ನಾನು ನೋಡಿದ್ದೇನೆ, ನೀನು ನೋಡಿಲ್ಲ. ಉಳಿದದ್ದು ಮಕ್ಕಳಿಗಾಯಿತು ಎಂದು ಡಬ್ಬಿಯನ್ನು ಅವರೇ ತೆಗೆದಿಟ್ಟುಕೊಂಡರು. ಅದನ್ನು ಮನೆಗೆ ತಂದು ನಿನ್ನ ಎದುರು ಇಟ್ಟಾಗ ಅವರು ಏನು ಹೇಳಿದರೋ ನನಗೆ ಇವತ್ತಿಗೂ ತಿಳಿಯದು.

ನಾಲ್ಕನೇ ದಿನ ನೀನು ನಮ್ಮ ಬಾಗಿಲಿಗೆ ಬಂದೆ. ಬುಧವಾರ ದಾಟಿತ್ತು, ಅವರು ಟೆಸ್ಟಿಗೆ ಹೋಗಿರಲಿಲ್ಲ. ನೀನು ಕೇಳಿದ್ದು ಒಂದೇ ಮಾತು. "ಚಂದ್ರಕ್ಕಾ, ಮರೆತು ಹೇಳಿದ್ದಾ, ಗೊತ್ತಿದ್ದೂ ಹೇಳಿದ್ದಾ? ಮರೆತು ಹೇಳಿದ್ದಾದ್ರೆ ಏನೂ ಇಲ್ಲ." ನಾನು, "ಅಯ್ಯೋ ದೇವರೇ, ಖುಷಿಯಲ್ಲಿ ಮರೆತೇಹೋಯ್ತು ಮಾರಾಯ್ತಿ" ಎಂದೆ. ನೀನು ನನ್ನ ಮುಖವನ್ನೇ ನೋಡಿ, ಡಬ್ಬಿ ನನ್ನ ಕೈಗೆ ಕೊಟ್ಟು ಹೋದೆ. ಮುಚ್ಚಳ ತೆಗೆದರೆ ಖಾಲಿ. ತೊಳೆದು ಒರೆಸಿದ ಖಾಲಿ ಡಬ್ಬಿ. ನಮ್ಮಿಬ್ಬರ ಮನೆಯ ನಡುವೆ ಎಂಟು ವರ್ಷ ಪಾತ್ರೆಗಳು ಓಡಾಡಿದ್ದವು. ಒಂದೂ ಖಾಲಿ ಬಂದದ್ದಿಲ್ಲ. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು. ನೀನು ಬಾಯಿಬಿಟ್ಟು ಬೈದಿದ್ದರೆ ನಾನೂ ಬೈದು, ಸಂಜೆಗೆ ಸರಿಯಾಗುತ್ತಿದ್ದೆವು.

ಅಝೀಝಾ, ಮರೆತದ್ದಲ್ಲ. ಗೊತ್ತಿದ್ದೇ ಹೇಳಿದ್ದು.

ಮರೆತವಳು ಹೊಸ್ತಿಲಲ್ಲಿ ಬಾಯಿ ತಪ್ಪಿ ಹೇಳುತ್ತಾಳೆ. ನಾನು ಎರಡು ಕಾಯಿ ತುರಿದೆ, ಪಾಕ ಹಿಡಿಯುವ ತನಕ ಒಲೆಯ ಮುಂದೆ ನಿಂತು ಸೌಟು ತಿರುಗಿಸಿದೆ, ತಟ್ಟೆಗೆ ಸುರಿದು ಆರಿಸಿ ತುಂಡು ಮಾಡಿದೆ. ಅಷ್ಟು ಹೊತ್ತೂ ನಿನ್ನ ಮಾತು ನನ್ನ ಕಿವಿಯಲ್ಲೇ ಇತ್ತು. ಹಿಂದಿನ ದಿನ ಇವರು ಕೆಲಸದಿಂದ ಬಂದು, "ಆರು ಸಲವಾ? ಇಷ್ಟು ಸಲ ಹೋದ್ರೆ ನಮ್ಮ ಕಂಪೆನಿಯ ಕ್ರೇನಿಗೇ ಲೈಸೆನ್ಸ್ ಕೊಡ್ತಿದ್ರು" ಎಂದು ನಕ್ಕಿದ್ದರು. ನನಗೆ ಒಳಗೊಳಗೇ ಉರಿ. ಆ ಕಟ್ಟಡದಲ್ಲಿ ನನ್ನ ಹಾಗೆ ಫೇಲಾಗುತ್ತಾ ಇದ್ದವರು ಇನ್ನೊಬ್ಬರು ಬಾಸಿತ್ ಭಾಯ್. ಅವರಿಗೆ ನೋವಾಗದ ಹಾಗೆ ಕಾಯಲಿಕ್ಕೆ ನೀನಿದ್ದೆ. ನನ್ನನ್ನು ಕಾಯಲಿಕ್ಕೆ ಯಾರಿದ್ದಾರೆ ಎಂದು ಹೊಟ್ಟೆಕಿಚ್ಚು ಬಂತು. ಅವರಿಗೂ ನಾಲ್ಕು ಜನರ ಮುಂದೆ ಸ್ವಲ್ಪ ಚುರುಕು ಮುಟ್ಟಲಿ ಎಂದುಕೊಂಡೆ. ಎಂಥ ನೀಚ ಬುದ್ಧಿ ನೋಡು.

ಅದರ ಅಡಿಯಲ್ಲಿ ಇನ್ನೊಂದಿತ್ತು. ಅದನ್ನು ನನಗೆ ನಾನೇ ಹೇಳಿಕೊಳ್ಳಲು ಐದು ವರ್ಷ ಬೇಕಾಯಿತು. ನಿನಗೆ ಲೈಸೆನ್ಸ್ ಬಂತು, ಇನ್ನು ನೀನು ನನ್ನನ್ನು ಬಿಟ್ಟು ಹೋಗುತ್ತೀ ಎಂಬ ಹೆದರಿಕೆ. ನಾನು ರೌಂಡಬೌಟಿನಲ್ಲಿ ನಿಂತೇ ಇರುತ್ತೇನೆ, ನೀನು ಆ ಸಮುದ್ರದ ದಾರಿಯಲ್ಲಿ ಬೇರೆ ಯಾರನ್ನೋ ಕೂರಿಸಿಕೊಂಡು ಹೋಗಿಬಿಡುತ್ತೀ. ನಿನ್ನನ್ನು ಕಳೆದುಕೊಳ್ಳುವ ಹೆದರಿಕೆಯಲ್ಲಿ ನಿನ್ನನ್ನು ಕಳೆದುಕೊಳ್ಳುವ ಕೆಲಸವನ್ನೇ ಮಾಡಿದೆ.

ಆಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಎದುರುಬದುರು ಇದ್ದೆವು. ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ಮೇಲಿನ ನಂಬರು ನೋಡುತ್ತಿದ್ದೆವು. ಫರಾಝ್‌ನ ಪರೀಕ್ಷೆ ಮುಗಿದ ಮೇಲೆ ಬಾಸಿತ್ ಭಾಯ್ ಅಂಗಡಿಯನ್ನು ಝಾಹಿದ್‌ಗೆ ಒಪ್ಪಿಸಿ, ನೀವೆಲ್ಲ ಊರಿಗೆ ಹೋದಿರಿ. ನೀನು ಹೊರಟ ದಿನ ನಾನು ಬಾಗಿಲಿನ ಕಣ್ಣಿನಲ್ಲಿ ನೋಡುತ್ತಾ ನಿಂತಿದ್ದೆ. ನೀನು ಬೀಗ ಹಾಕಿ, ನನ್ನ ಬಾಗಿಲ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತೆ. ಬೆಲ್ ಒತ್ತಲಿಲ್ಲ. ನಾನೂ ತೆಗೆಯಲಿಲ್ಲ. ನಮ್ಮಿಬ್ಬರ ನಡುವೆ ಒಂದು ಇಂಚು ದಪ್ಪದ ಹಲಗೆ ಇತ್ತು ಅಷ್ಟೆ.

ಮರುವರ್ಷ ಒಂಬತ್ತನೇ ಸಲಕ್ಕೆ ನಾನೂ ಪಾಸಾದೆ. ಸಿಹಿ ಮಾಡಲಿಲ್ಲ.

ಈ ಆಗಸ್ಟಿನಲ್ಲಿ ಇಟಲಿಗೆಂದು ಇವರಿಗೊಂದು ಜಾಕೆಟ್ ತೆಗೆಯಲು ನಿಮ್ಮ ಅಂಗಡಿಗೆ ಹೋದೆ. ಹೋಗಲಿಕ್ಕೆ ಕಾಲು ಬರುತ್ತಿರಲಿಲ್ಲ, ಆದರೂ ಹೋದೆ. ಝಾಹಿದ್‌ಗೆ ನಮ್ಮ ಜಗಳದ ಗಂಧಗಾಳಿ ಇಲ್ಲ. "ಚಂದ್ರಕ್ಕಾ, ಭಾಭಿ ಈಗ ಊರಲ್ಲಿ ಕಾರ್ ಓಡಿಸ್ತಾರೆ ಗೊತ್ತುಂಟಾ? ಭಟ್ಕಳದಿಂದ ಉಡುಪಿಗೆ ಒಬ್ಬರೇ ಹೋಗ್ತಾರೆ. ಭಾಯ್ ಪಕ್ಕದಲ್ಲಿ ಕೂತ್ರೆ, ಹಾರ್ನ್ ನನ್ನ ಡಿಪಾರ್ಟ್‌ಮೆಂಟ್, ಉಳಿದದ್ದೆಲ್ಲ ನಿಂದು ಅಂತಾರೆ" ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಟ್ರಯಲ್ ರೂಮಿನೊಳಗೆ ಹೋಗಿ, ಗಂಡಸರ ಜಾಕೆಟ್ಟಿನಲ್ಲಿ ಮುಖ ಒತ್ತಿ ಅತ್ತೆ. ನಿಮ್ಮಿಬ್ಬರ ನಡುವೆ ನಾನು ಹಾಕಿದ ಬಿರುಕು ಮುಚ್ಚಿದೆ ಎಂದು ಸಮಾಧಾನ ಆಯಿತು. ಅದನ್ನು ಮುಚ್ಚಿದವರು ನೀವು, ನಾನಲ್ಲ. ಆದ್ದರಿಂದ ನನ್ನ ತಪ್ಪು ನನ್ನ ಹತ್ತಿರವೇ ಉಳಿದಿದೆ. ಬಾಸಿತ್ ಭಾಯ್‌ಗೆ ಈ ಕಾಗದ ಓದಿ ಹೇಳಬೇಕೋ ಬೇಡವೋ ನೀನೇ ನೋಡು. ಹೇಳುವುದಾದರೆ, ಚಂದ್ರಮತಿ ಕೈಮುಗಿದು ಕ್ಷಮೆ ಕೇಳಿದ್ದಾಳೆ ಎಂದು ಹೇಳು.

ಝಾಹಿದ್ ಇಪ್ಪತ್ತನೇ ತಾರೀಕಿಗೆ ರಜೆಯಲ್ಲಿ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಕಾಗದ, ಕ್ಯಾಲೆಂಡರಿನ ಚಿತ್ರ, ಮತ್ತು ಆ ಸ್ಟೀಲ್ ಡಬ್ಬಿ ಕಳುಹಿಸುತ್ತಿದ್ದೇನೆ. ಅದೇ ಡಬ್ಬಿ. ನೀನು ಕೊಟ್ಟು ಹೋದ ಮೇಲೆ ಅದಕ್ಕೆ ಒಂದು ಕಾಳು ಹಾಕಿಲ್ಲ. ಈಗ ಅದರಲ್ಲಿ ಅಮಾಲ್ಫಿಯ ಲಿಂಬೆಹಣ್ಣಿನ ಮಿಠಾಯಿ ಉಂಟು. ಅಲ್ಲಿ ಲಿಂಬೆಯ ಸಾರಾಯಿ ತುಂಬಿದ ಮಿಠಾಯಿಯೂ ಮಾರುತ್ತಾರೆ, ಎರಡೂ ನೋಡಲು ಒಂದೇ ತರಹ. ಅಂಗಡಿಯ ಅಜ್ಜಿಯನ್ನು ಮೂರು ಸಲ ಕೇಳಿ, ಅಶ್ಮಿತಾಳಿಂದ ಪೊಟ್ಟಣದ ಹಿಂದಿನದ್ದೆಲ್ಲ ಓದಿಸಿ ತಂದಿದ್ದೇನೆ. ಬರೀ ಸಕ್ಕರೆ, ಲಿಂಬೆ. ಧೈರ್ಯವಾಗಿ ತಿನ್ನು, ಮಕ್ಕಳಿಗೂ ಕೊಡು.

ಡಿಸೆಂಬರ್ ಹದಿನೆಂಟರಿಂದ ಮೂರು ವಾರ ನಾನು ಬ್ರಹ್ಮಾವರದಲ್ಲಿ ತಂಗಿಯ ಮನೆಯಲ್ಲಿರುತ್ತೇನೆ. ಪೆಟ್ರೋಲ್ ಬಂಕಿನ ಪಕ್ಕದ ಗೇಟು, ಯಾರನ್ನು ಕೇಳಿದರೂ ತೋರಿಸುತ್ತಾರೆ. ಭಟ್ಕಳದಿಂದ ಒಂದೂವರೆ ಗಂಟೆಯ ದಾರಿ. ರಸ್ತೆ ಅಗಲ ಮಾಡುತ್ತಿದ್ದಾರಂತೆ, ಅಲ್ಲಲ್ಲಿ ಅಗೆದು ಹಾಕಿದ್ದಾರೆ, ನಿಧಾನ ಬಾ. ಶ್ವೈ ಶ್ವೈ. ಮರವಂತೆ ಬಂದಾಗ ನೋಡು, ನೀನು ತೆಂಕಲು ದಿಕ್ಕಿಗೆ ಬರುತ್ತಾ ಇರುತ್ತೀ, ನದಿ ಎಡಕ್ಕೆ, ಸಮುದ್ರ ಬಲಕ್ಕೆ. ಹೋಗುವುದು ನಾನು ಎಂದು ನೀನು ಬಿಲ್ಲಿನ ಹಿಂದೆ ಬರೆದಿದ್ದ ಅರ್ಧದಲ್ಲೂ ಸಮುದ್ರ ಬಲಕ್ಕೇ ಇತ್ತು. ಇಟಲಿಯದ್ದು ನಮ್ಮ ಹಣೆಯಲ್ಲಿ ಬರೆದಿದ್ದರೆ ಮುಂದೆ ಆದೀತು. ಮೊದಲು ಈ ಅರ್ಧ ಓಡಿಸಿಕೊಂಡು ಬಾ. ವಾಪಸು ಹೋಗುವಾಗ ಮರವಂತೆಯ ತನಕ ನಾನು ಓಡಿಸುತ್ತೇನೆ, ಮಾತು ಮಾತೇ.

ಬರಲು ಮನಸ್ಸಾಗದಿದ್ದರೆ ಬೇಡ. ನಿನ್ನ ಮೇಲೆ ಬೇಸರ ಇಲ್ಲ, ಬೇಸರ ಮಾಡುವ ಹಕ್ಕು ನನಗೆ ಇಲ್ಲ. ಗೇಟಿನ ಹತ್ತಿರ ಕಾರಿನ ಸದ್ದು ಕೇಳಿದಾಗಲೆಲ್ಲ ಮೂರು ವಾರ ಎದ್ದು ನೋಡುತ್ತೇನೆ, ಅಷ್ಟೆ.

ನಿನ್ನ ಅಲ್ಲಾಹು, ನನ್ನ ದೇವರು, ಇಬ್ಬರೂ ನಿನ್ನ ಗಾಡಿಯ ಮುಂದೆ ದಾರಿ ಬಿಡಿಸಿ ಕೊಡಲಿ. ಬಾಸಿತ್ ಭಾಯಿಯ ಹಾರ್ನ್ ನೂರು ಕಾಲ ಗಟ್ಟಿಯಾಗಿರಲಿ. ಫರಾಝ್‌ಗೆ ನನ್ನ ಮುದ್ದು.

ಡಬ್ಬಿಯ ಮಿಠಾಯಿ ಮುಗಿದ ಮೇಲೆ ಅದನ್ನು ಯಾರ ಕೈಯಲ್ಲೂ ಕಳುಹಿಸಬೇಡ. ಖಾಲಿಯಾದರೂ ಸರಿ ಅಝೀಝಾ, ನೀನೇ ತಂದುಕೊಡು.

ನಿನ್ನ ಎದುರು ಬಾಗಿಲಿನ,
ಚಂದ್ರಕ್ಕ